ಸಿಗರೇಟು ಬಿಡಲು ಗಮ್, ಪ್ಯಾಚ್, ಮಾತ್ರೆ: ನಿಮಗೆ ಯಾವುದು ಸರಿ?

ವಡಪಳನಿಯ ಆರ್ಕಾಟ್ ರಸ್ತೆಯಲ್ಲಾಗಲಿ, ನೂರಡಿ ರಸ್ತೆಯಲ್ಲಾಗಲಿ, ಯಾವುದಾದರೂ ಮೆಡಿಕಲ್ ಶಾಪಿಗೆ ಹೋಗಿ ಸಿಗರೇಟು ಬಿಡುವ ಗಮ್ ಕೇಳಿದರೆ ಒಂದು ಸ್ಟ್ರಿಪ್ ತೆಗೆದು ಕೈಗಿಡುತ್ತಾರೆ. ಎಷ್ಟು ಮಿಲಿಗ್ರಾಂನದು ಬೇಕು, ದಿನಕ್ಕೆ ಎಷ್ಟು, ಹೇಗೆ ಅಗಿಯಬೇಕು ಎಂದು ವಿವರಿಸುವಷ್ಟು ಬಿಡುವು ಅಂಗಡಿಯವರಿಗೆ ಇರುವುದಿಲ್ಲ. ಮೂರು ಜನ ಹಿಂದೆ ನಿಂತಿರುವಾಗ ಕೇಳಲು ನಿಮಗೂ ಸಂಕೋಚ. ತಮಿಳು ಅಷ್ಟಕ್ಕಷ್ಟೇ ಆಗಿದ್ದರಂತೂ ಕೇಳುವ ಮಾತೇ ಇಲ್ಲ. ಮನೆಗೆ ಬಂದು ಸಾಮಾನ್ಯ ಚೂಯಿಂಗ್ ಗಮ್ಮಿನ ಹಾಗೆ ಚಪ್ಪರಿಸಿ ಜಗಿಯುತ್ತೀರಿ. ಗಂಟಲು ಉರಿಯುತ್ತದೆ, ಬಿಕ್ಕಳಿಕೆ ಹತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಸೇದಬೇಕೆನ್ನುವ ಸೆಳೆತ ಮಾತ್ರ ಹಾಗೆಯೇ ಇರುತ್ತದೆ. ಮೂರನೆಯ ದಿನ ಮತ್ತೆ ಟೀ ಅಂಗಡಿಯ ಮುಂದೆ. ಆಮೇಲೆ ಎಲ್ಲರಿಗೂ ಒಂದೇ ಮಾತು: "ನನಗೆ ಆ ಗಮ್ ಆಗಿಬರಲಿಲ್ಲ."

ಹೀಗೆ ಹೇಳುವವರಲ್ಲಿ ಬಹಳ ಮಂದಿಯ ವಿಷಯದಲ್ಲಿ ಔಷಧ ಸೋತಿರುವುದಿಲ್ಲ. ಪ್ರಮಾಣ ಕಡಿಮೆಯಾಗಿರುತ್ತದೆ, ಬಳಸಿದ ಕ್ರಮ ತಪ್ಪಿರುತ್ತದೆ, ಇಲ್ಲವೇ ವಾರಕ್ಕೇ ನಿಲ್ಲಿಸಿರುತ್ತಾರೆ. ಆದ್ದರಿಂದ ಯಾವ ಔಷಧ ಎಂದು ಆರಿಸುವಷ್ಟೇ ಎಚ್ಚರದಿಂದ ಎಷ್ಟು, ಹೇಗೆ, ಎಷ್ಟು ದಿನ ಎಂಬುದನ್ನೂ ನೋಡಬೇಕು. ಈ ಲೇಖನ ಸೇದುವವರಿಗೂ ಹೌದು, ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಹೌದು.

ನಿಕೋಟಿನ್ ಬಿಡಿಸಲು ನಿಕೋಟಿನ್ನೇ ಏಕೆ?

ಮನೆಯವರಿಗೆ ಬರುವ ಮೊದಲ ಅನುಮಾನ ಇದು. ಗಮ್ಮಿನಲ್ಲಿ ಇರುವುದೂ ನಿಕೋಟಿನ್, ಸಿಗರೇಟಿನಲ್ಲಿ ಇರುವುದೂ ನಿಕೋಟಿನ್, ಹಾಗಾದರೆ ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತಲ್ಲವೇ? ಎಷ್ಟೋ ಮನೆಗಳಲ್ಲಿ ಈ ಹೆದರಿಕೆಯಿಂದಲೇ ಹೆಂಡತಿ ಗಮ್ಮನ್ನು ಎತ್ತಿಡುತ್ತಾರೆ, ಗಂಡ ಮತ್ತೆ ಸಿಗರೇಟು ಹಚ್ಚುತ್ತಾರೆ.

ವಿಷಯ ಹೀಗಿದೆ. ಚಟ ಹಿಡಿಸುವುದು ನಿಕೋಟಿನ್. ಆದರೆ ಕ್ಯಾನ್ಸರ್ ತರುವುದು, ರಕ್ತನಾಳ ಕಟ್ಟಿಸುವುದು, ಶ್ವಾಸಕೋಶ ಹಾಳು ಮಾಡುವುದು ಹೆಚ್ಚಾಗಿ ಹೊಗೆಯಲ್ಲಿರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಮತ್ತು ನೂರಾರು ವಿಷಗಳು. ಗಮ್ಮಿನಲ್ಲಿ, ಪ್ಯಾಚಿನಲ್ಲಿ ಆ ಹೊಗೆ ಇಲ್ಲ. ಇನ್ನೊಂದು ವ್ಯತ್ಯಾಸ ವೇಗದ್ದು. ಸೇದಿದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಆ ಹೊಡೆತವೇ ಚಟ ಕಟ್ಟುವುದು. ಬಾಯಿಯ ಒಳಚರ್ಮದಿಂದಲೋ ತೋಳಿನ ಚರ್ಮದಿಂದಲೋ ಇಳಿಯುವ ನಿಕೋಟಿನ್ ನಿಧಾನ. ಅದು ಸಿಡುಕು, ಚಡಪಡಿಕೆ, ನಿದ್ದೆಗೇಡನ್ನು ತಗ್ಗಿಸುತ್ತದೆ, ಸಿಗರೇಟಿನ ಮಜಾ ಮಾತ್ರ ಕೊಡುವುದಿಲ್ಲ. ಹಾಗಾಗಿಯೇ ಕೆಲವು ವಾರಗಳ ನಂತರ ಅದನ್ನು ಬಿಡುವುದು ಸಿಗರೇಟು ಬಿಡುವಷ್ಟು ಕಷ್ಟವಾಗುವುದಿಲ್ಲ. ಭಾರತದ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ನಿಕೋಟಿನ್ ಚಿಕಿತ್ಸೆಯನ್ನು ಸೇರಿಸಲಾಗಿದೆ.

ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು?

ತಂಬಾಕು ಬಿಡಿಸುವ ಕ್ಲಿನಿಕ್ಕಿಗೆ ಹೋದರೆ ಆಪ್ತಸಮಾಲೋಚಕರು ಖಂಡಿತ ಕೇಳುವ ಪ್ರಶ್ನೆ ಇದು. ದಿನಕ್ಕೆ ಎಷ್ಟು ಸೇದುತ್ತೀರಿ ಎನ್ನುವುದಕ್ಕಿಂತಲೂ ಇದು ಮುಖ್ಯ. ಬೆಳಿಗ್ಗೆ ಕಣ್ಣು ಬಿಟ್ಟ ಅರ್ಧ ಗಂಟೆಯೊಳಗೆ, ಮುಖ ತೊಳೆಯುವ ಮುಂಚೆಯೋ ಶೌಚಕ್ಕೆ ಹೋಗುವಾಗಲೋ ಹಚ್ಚುತ್ತೀರಾದರೆ ನಿಮ್ಮ ದೇಹ ನಿಕೋಟಿನ್ನಿಗೆ ಗಟ್ಟಿಯಾಗಿ ಒಗ್ಗಿದೆ ಎಂದರ್ಥ. ತಿಂಡಿ ಕಾಫಿ ಮುಗಿಸಿ, ಕೆಲಸಕ್ಕೆ ಹೊರಟ ಮೇಲೆ ಮೊದಲನೆಯದು ಎನ್ನುವವರ ಅವಲಂಬನೆ ಅಷ್ಟು ಇರುವುದಿಲ್ಲ.

ಗಮ್ಮಿನಲ್ಲಿ 2 ಮಿಲಿಗ್ರಾಂ, 4 ಮಿಲಿಗ್ರಾಂ ಎಂದು ಎರಡು ಬಗೆ. ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ ಎಂಬುದು ಲೆಕ್ಕ. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವುದು 2 ಮಿಲಿಗ್ರಾಂನದು ಮಾತ್ರ. 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಎಡವಟ್ಟು ಆಗುವುದು ಇಲ್ಲೇ. ಯಾರಿಗೆ ಹೆಚ್ಚು ಬೇಕೋ ಅವರು ವೈದ್ಯರ ಬಳಿ ಹೋಗದೆ ಕಡಿಮೆಯದನ್ನು ತಂದು, ಸಾಲದೆ, ಪ್ರಯೋಜನವಿಲ್ಲ ಎಂದು ಬಿಸಾಡುತ್ತಾರೆ.

ಬೀಡಿ ಸೇದುವವರು ಇದನ್ನು ಹಗುರವಾಗಿ ಎಣಿಸಬಾರದು. ಬೀಡಿ ಸಣ್ಣದು, ತಂಬಾಕು ಕಡಿಮೆ ಎಂಬ ನಂಬಿಕೆ ಇದೆ. ಅದು ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುವುದರಿಂದ ಒಳಗೆ ಹೋಗುವ ನಿಕೋಟಿನ್, ಟಾರ್ ಸಿಗರೇಟಿಗಿಂತ ಕಡಿಮೆಯೇನಲ್ಲ. ಭಾರತದಲ್ಲಿ ಬೀಡಿ ಸೇದುವವರೇ ಹೆಚ್ಚು: 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4. ವೈದ್ಯರು ಎಷ್ಟು ಎಂದು ಕೇಳಿದಾಗ ಬೀಡಿಯನ್ನೂ ಸೇರಿಸಿಯೇ ಹೇಳಿ. ಹಾನ್ಸ್, ಗುಟ್ಕಾ, ಕಡ್ಡಿಪುಡಿ ಜೊತೆಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಗಮ್ ಜಗಿಯುವುದಕ್ಕಲ್ಲ

ಹೆಸರೇ ದಾರಿ ತಪ್ಪಿಸುತ್ತದೆ. ನಿಕೋಟಿನ್ ಗಮ್ಮನ್ನು ಜಗಿಯುತ್ತಾ ಇರಬಾರದು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಕೆಲವು ಸಲ ಅಗಿಯಿರಿ. ಮೆಣಸಿನಂಥ ಖಾರವೋ ನಾಲಗೆಗೆ ಚುಮುಚುಮು ಎನಿಸುವುದೋ ಆದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿ ಇಡಿ, ಕವಳ ಹಾಕುವವರು ಹೊಗೆಸೊಪ್ಪನ್ನು ಒಂದು ಮೂಲೆಗೆ ಇಟ್ಟುಕೊಳ್ಳುವಂತೆ. ಆ ಖಾರ ಇಳಿದಾಗ ಮತ್ತೆ ಕೆಲವು ಸಲ ಅಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ರಕ್ತಕ್ಕೆ ಹೋಗಬೇಕಾದದ್ದು ಬಾಯಿಯ ಒಳಚರ್ಮದಿಂದ. ಬೇಗ ಬೇಗ ಜಗಿದು ಉಗುಳು ನುಂಗಿದರೆ ಅದು ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ತರುತ್ತದೆ, ಉಪಯೋಗಕ್ಕೆ ಬರುವುದು ಅಲ್ಪ.

ಇನ್ನು ಕಾಫಿ. ಚೆನ್ನೈನಲ್ಲಿರುವ ಕನ್ನಡದವರಿಗೆ ಫಿಲ್ಟರ್ ಕಾಫಿ ಬಿಟ್ಟು ಬದುಕಿ ಎಂದು ಹೇಳುವ ಧೈರ್ಯ ಯಾರಿಗಿದೆ? ಬಿಡಬೇಕಾಗಿಯೂ ಇಲ್ಲ, ಹೊತ್ತು ನೋಡಿ ಕುಡಿದರೆ ಸಾಕು. ಕಾಫಿ, ಕೋಲಾ ತರಹದ ಪಾನೀಯ, ನಿಂಬೆ, ಕಿತ್ತಳೆ ರಸ ಇವು ಬಾಯಿಯನ್ನು ಸ್ವಲ್ಪ ಹೊತ್ತು ಹುಳಿ ಮಾಡುತ್ತವೆ. ಹುಳಿಯಾದ ಬಾಯಿಯಲ್ಲಿ ನಿಕೋಟಿನ್ ಒಳಚರ್ಮದ ಮೂಲಕ ಇಳಿಯುವುದಿಲ್ಲ. ಆದ್ದರಿಂದ ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮುಂಚಿನಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ನೀರು ಬಿಟ್ಟು ಬೇರೇನೂ ಬೇಡ. ಕಾಫಿ ಕುಡಿದ ತಕ್ಷಣ ಸಿಗರೇಟು ಬೇಕೆನಿಸುವುದು ನಿಮ್ಮ ಅಭ್ಯಾಸವಾದರೆ, ಕಾಫಿಯಾದ ಮೇಲೆ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಆ ಜಾಗದಿಂದ ಎದ್ದು ಹೋಗಿ, ಆಮೇಲೆ ಗಮ್ ಹಾಕಿ. ಆ ಕಾಲು ಗಂಟೆ ಕಷ್ಟದ್ದೇ. ಕೆಲವರು ಮೊದಲ ಎರಡು ವಾರ ಕಾಫಿಯ ಬದಲು ಮಜ್ಜಿಗೆಗೆ ಹೊರಳುತ್ತಾರೆ. ಅದೂ ಹುಳಿಯೇ, ಆದರೆ ಸಿಗರೇಟಿನ ನೆನಪು ತರುವುದಿಲ್ಲ. ಅಂತರ ಮಾತ್ರ ಅದಕ್ಕೂ ಅಷ್ಟೇ ಇರಲಿ.

ಎಷ್ಟು ಬೇಕು? ಮೊದಲ ಆರು ವಾರ ಗಂಟೆಗೋ ಎರಡು ಗಂಟೆಗೋ ಒಂದು, ದಿನಕ್ಕೆ ಒಂಬತ್ತಕ್ಕೆ ಕಡಿಮೆಯಾಗದಂತೆ. ಸೆಳೆತ ಜೋರಾದಾಗ ಮಾತ್ರ ಎಂದು ದಿನಕ್ಕೆ ಎರಡು ಮೂರು ಹಾಕಿಕೊಂಡರೆ ಸಾಲದು. ನಂತರದ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಒಟ್ಟು ಮೂರು ತಿಂಗಳು. ಖರ್ಚು ನೋಡಿ ಬೆಚ್ಚುವವರು ದಿನದ ಸಿಗರೇಟಿನ ಖರ್ಚನ್ನು ಪಕ್ಕಕ್ಕೆ ಬರೆದುಕೊಳ್ಳಲಿ.

ಕಟ್ಟಿಸಿದ ಹಲ್ಲು ಇದ್ದರೆ, ದವಡೆ ನೋವಿದ್ದರೆ ಗಮ್ ಅಂಟಿಕೊಂಡು ಕಾಟ ಕೊಡುತ್ತದೆ. ಅವರಿಗೆ ಚೀಪುವ ಮಾತ್ರೆ, ಅಂದರೆ ಲಾಜೆಂಜ್ ಸಿಗುತ್ತದೆ. ಕಡಿಯಬಾರದು, ನುಂಗಬಾರದು, ಅದು ತಾನಾಗಿ ಕರಗಲಿ. ಕಾಫಿಯ ನಿಯಮ ಇದಕ್ಕೂ ಅನ್ವಯ.

ಪ್ಯಾಚ್, ಅದೂ ಚೆನ್ನೈ ಬೆವರಿನಲ್ಲಿ

ಪ್ಯಾಚ್ ಎಂದರೆ ಚರ್ಮಕ್ಕೆ ಅಂಟಿಸುವ ತೆಳು ಪಟ್ಟಿ. ದಿನಪೂರ್ತಿ ಒಂದೇ ಸಮನೆ ನಿಕೋಟಿನ್ ಬಿಡುತ್ತದೆ. 21, 14, 7 ಮಿಲಿಗ್ರಾಂ ಎಂದು ಮೂರು ಮೆಟ್ಟಿಲು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು ಸಾಮಾನ್ಯವಾಗಿ 21ರಿಂದ ಆರು ವಾರ, 14ರಲ್ಲಿ ಎರಡು ವಾರ, 7ರಲ್ಲಿ ಎರಡು ವಾರ ಇಳಿಯುತ್ತಾರೆ. ಹತ್ತು ಅಥವಾ ಅದಕ್ಕಿಂತ ಕಡಿಮೆಯವರು 14ರಿಂದ ಶುರು ಮಾಡುತ್ತಾರೆ.

ಸ್ನಾನವಾಗಿ ಮೈ ಪೂರ್ತಿ ಒಣಗಿದ ಮೇಲೆ, ಎಣ್ಣೆ, ಪೌಡರು ಇಲ್ಲದ, ಕೂದಲಿಲ್ಲದ ಜಾಗಕ್ಕೆ, ತೋಳಿನ ಮೇಲ್ಭಾಗಕ್ಕೋ ಬೆನ್ನಿಗೋ ಅಂಟಿಸಿ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಚೆನ್ನೈ ಬೇಸಿಗೆಯಲ್ಲಿ ಇದು ಬೆವರಿಗೆ ಏಳುವುದುಂಟು. ಫ್ಯಾನಿನ ಕೆಳಗೆ ಐದು ನಿಮಿಷ ಕೂತು ಅಂಟಿಸಿದರೆ, ಶರ್ಟಿನ ತೋಳು ಉಜ್ಜದ ಕಡೆ ಅಂಟಿಸಿದರೆ ನಿಲ್ಲುತ್ತದೆ. ಎದ್ದುಹೋದರೆ ಹೊಸದು ಹಚ್ಚಿ. ದಿನವೂ ಜಾಗ ಬದಲಿಸಿ, ಒಂದೇ ಜಾಗವಾದರೆ ತುರಿಕೆ, ಕೆಂಪು. ಖರ್ಚು ಉಳಿಸಲು ಪ್ಯಾಚನ್ನು ಕತ್ತರಿಸಬೇಡಿ. ರಾತ್ರಿ ವಿಚಿತ್ರ ಕನಸು ಬಿದ್ದರೆ, ನಿದ್ದೆ ಕೆಟ್ಟರೆ ಮಲಗುವಾಗ ತೆಗೆದಿಟ್ಟು ಬೆಳಿಗ್ಗೆ ಹೊಸದನ್ನು ಹಚ್ಚಬಹುದು. ತೆಗೆದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಬಿಸಾಡಿ. ಗಮ್ಮೂ ಅಷ್ಟೇ: ಮಿಠಾಯಿ ಎಂದುಕೊಂಡು ಮಗು ಬಾಯಿಗೆ ಹಾಕಿದರೆ ಅದು ವಿಷ.

ಪ್ಯಾಚ್ ದಿನವಿಡೀ ಒಂದು ಮಟ್ಟ ಕಾಯುತ್ತದೆ, ಆದರೆ ಆಫೀಸಿನಲ್ಲಿ ಜಗಳವಾದಾಗ, ಊಟವಾದಾಗ ಧುತ್ತೆಂದು ಏಳುವ ಸೆಳೆತಕ್ಕೆ ಅದು ಸಾಲದು. ಆಗ ಒಂದು ಗಮ್. ಎರಡನ್ನೂ ಜೊತೆಯಾಗಿ ಬಳಸುವುದು ತಪ್ಪಲ್ಲ. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದಾಗ ಫಲ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಮೊದಲ ಅರ್ಧ ಗಂಟೆಯಲ್ಲೇ ಸೇದುವವರು ವೈದ್ಯರಲ್ಲಿ ಈ ಜೋಡಿಯನ್ನು ಕೇಳಿಯೇ ನೋಡಿ. ನೀವಾಗಿ ಕೇಳದಿದ್ದರೆ ಒಂದು ಸ್ಟ್ರಿಪ್ ಗಮ್ ಬರೆದು ಮುಗಿಸುವ ಸಂಭವವೇ ಹೆಚ್ಚು.

ಪ್ಯಾಚ್ ಹಚ್ಚಿಕೊಂಡಿರುವಾಗ ಒಂದು ಸಿಗರೇಟು ಸೇದಿದರೆ ಹೃದಯಾಘಾತವಾಗುತ್ತದೆ ಎಂಬ ಹೆದರಿಕೆ ಇದೆ. ಅದಕ್ಕೆ ಆಧಾರವಿಲ್ಲ. ಎಡವಿ ಒಂದು ಸೇದಿದಿರಾ, ಪ್ಯಾಚ್ ಕಿತ್ತು ಹಾಕಬೇಡಿ. ಅದು ಇರಲಿ, ಮುಂದಿನ ಸಿಗರೇಟು ಬೇಡ.

ನುಂಗುವ ಮಾತ್ರೆಗಳು

ಎರಡು ಮುಖ್ಯ: ವರೆನಿಕ್ಲಿನ್ ಮತ್ತು ಬ್ಯುಪ್ರೊಪಿಯಾನ್. ಎರಡರಲ್ಲೂ ನಿಕೋಟಿನ್ ಇಲ್ಲ, ಎರಡಕ್ಕೂ ವೈದ್ಯರ ಚೀಟಿ ಬೇಕು.

ವರೆನಿಕ್ಲಿನ್ ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನು ಹೋಗಿ ಅರ್ಧಂಬರ್ಧ ಕೂರುತ್ತದೆ. ಹಾಗಾಗಿ ಸೆಳೆತ ಇಳಿಯುತ್ತದೆ, ಮೇಲೆ ಸಿಗರೇಟು ಸೇದಿದರೂ ಹಳೆಯ ರುಚಿ ಸಿಗುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರು: ಮೊದಲ ಮೂರು ದಿನ 0.5 ಮಿಲಿಗ್ರಾಂ ಒಂದು ಹೊತ್ತು, ನಾಲ್ಕರಿಂದ ಏಳನೆಯ ದಿನದವರೆಗೆ ಎರಡು ಹೊತ್ತು, ಎಂಟನೆಯ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು ಹನ್ನೆರಡು ವಾರ. ಇದರ ದೊಡ್ಡ ತೊಂದರೆ ವಾಕರಿಕೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಖಂಡಿತ ಬೇಸರವಾಗುತ್ತದೆ; ತಿಂಡಿಯಾದ ಮೇಲೆ ಒಂದು ತುಂಬು ಲೋಟ ನೀರಿನೊಂದಿಗೆ ತೆಗೆದುಕೊಳ್ಳಿ. ಗಾಢ ಕನಸುಗಳೂ ಬೀಳುತ್ತವೆ. ಮೂತ್ರಪಿಂಡದ ತೊಂದರೆ ತೀವ್ರವಾಗಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, ಆದ್ದರಿಂದ ಕ್ರಿಯಾಟಿನಿನ್ ವರದಿ ಇದ್ದರೆ ತೋರಿಸಿ.

ಈ ಮಾತ್ರೆ ತಲೆ ಕೆಡಿಸುತ್ತದೆ, ಆತ್ಮಹತ್ಯೆಯ ಯೋಚನೆ ತರುತ್ತದೆ ಎಂದು ಎಲ್ಲೋ ಓದಿ ಮನೆಯವರು ಬೇಡ ಎನ್ನುವುದುಂಟು. ಆ ಎಚ್ಚರಿಕೆ ಒಂದು ಕಾಲದಲ್ಲಿ ಅಮೆರಿಕದಲ್ಲಿ ಪೆಟ್ಟಿಗೆಯ ಮೇಲೇ ಇತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಾನಸಿಕ ಕಾಯಿಲೆ ಇದ್ದವರೂ ಇದ್ದರು. ಪ್ಯಾಚಿಗಾಗಲಿ ಉತ್ತುಮಾತ್ರೆಗಾಗಲಿ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆಗಾಗಲಿ ಹೋಲಿಸಿದರೆ ಇದರಿಂದ ಅಂಥ ತೊಂದರೆ ಗಣನೀಯವಾಗಿ ಹೆಚ್ಚಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಕಪ್ಪು ಚೌಕಟ್ಟಿನ ಎಚ್ಚರಿಕೆ ತೆಗೆಸಿದರು. ಹಾಗೆಂದು ಗಮನ ಬಿಡಬಾರದು. ಸಿಗರೇಟು ಬಿಡುವುದೇ ಮನಸ್ಸನ್ನು ಕದಡುವಂಥದ್ದು. ಮನುಷ್ಯ ಮಂಕಾದರೆ, ಬದುಕು ಬೇಡ ಎಂಬ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಟೆಲಿಮಾನಸ್ ಸಹಾಯವಾಣಿ 14416 ಉಚಿತ.

ಬ್ಯುಪ್ರೊಪಿಯಾನ್ ಮೊದಲು ಖಿನ್ನತೆಗೆ ಬಳಸುತ್ತಿದ್ದ ಔಷಧ. ಇದನ್ನೂ ಬಿಡುವ ದಿನಕ್ಕೆ ಒಂದೆರಡು ವಾರ ಮುಂಚೆ ಆರಂಭಿಸುತ್ತಾರೆ. ಬಾಯಿ ಒಣಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಇದನ್ನು ತೆಗೆದುಕೊಳ್ಳಲೇ ಬಾರದು. ಚಿಕ್ಕಂದಿನಲ್ಲಿ ಬಂದದ್ದು ಎಂದು ಬಿಟ್ಟುಬಿಡದೆ ಹೇಳಿ, ತಲೆಗೆ ಬಲವಾದ ಪೆಟ್ಟು ಬಿದ್ದಿದ್ದರೆ ಅದನ್ನೂ ಹೇಳಿ. ಕುಡಿತ ಹೆಚ್ಚಿದ್ದು ಈಗಷ್ಟೇ ಥಟ್ಟನೆ ಬಿಟ್ಟವರಿಗೂ ಇದು ಅಪಾಯ.

ಯಾವುದು ಹೆಚ್ಚು ಫಲ ಕೊಡುತ್ತದೆ? ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2023ರ ಕೊಕ್ರೇನ್ ವಿಮರ್ಶೆಯ ಲೆಕ್ಕ ಸುಮಾರು ಹೀಗೆ: ಯಾವ ಔಷಧವೂ ಇಲ್ಲದೆ ನೂರು ಜನ ಯತ್ನಿಸಿದರೆ ಆರು ತಿಂಗಳಿಗೂ ಮೀರಿ ಬಿಟ್ಟವರು ಆರು ಜನ. ಪ್ಯಾಚ್ ಅಥವಾ ಗಮ್ ಒಂದೇ ಆದರೆ ಒಂಬತ್ತು, ಪ್ಯಾಚಿನ ಜೊತೆ ಗಮ್ ಆದರೆ ಹನ್ನೆರಡು, ವರೆನಿಕ್ಲಿನ್ ಆದರೆ ಹದಿನಾಲ್ಕು. ಬ್ಯುಪ್ರೊಪಿಯಾನ್ ಒಂಬತ್ತರ ಸುಮಾರಿಗೆ. ಈ ಸಂಖ್ಯೆಗಳು ಸಣ್ಣವಾಗಿ ಕಾಣುತ್ತವೆ. ಆದರೆ ಇದು ಒಂದು ಯತ್ನದ ಲೆಕ್ಕ, ಮತ್ತು ಬಿಟ್ಟವರಲ್ಲಿ ಬಹುಪಾಲು ಮಂದಿ ಮೊದಲ ಯತ್ನದಲ್ಲಿ ಬಿಟ್ಟವರಲ್ಲ. ಔಷಧದ ಜೊತೆ ಆಪ್ತಸಮಾಲೋಚನೆಯೂ ಇದ್ದರೆ ಫಲ ಇನ್ನೂ ಹೆಚ್ಚು.

ಎಂದಿನ ಕಾಫಿ, ಎಂದಿನ ಮಾತ್ರೆ, ಈಗ ಹೆಚ್ಚಾಗಬಹುದು

ಇದು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ. ಹೊಗೆಯಲ್ಲಿರುವ ಟಾರಿನ ಕೆಲವು ಅಂಶಗಳು ಯಕೃತ್ತನ್ನು ಎಬ್ಬಿಸಿ, ಕೆಲವು ಪದಾರ್ಥಗಳನ್ನು ಬೇಗ ಕರಗಿಸುವಂತೆ ಮಾಡಿರುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಆಗ ಎಂದಿನಷ್ಟೇ ಕಾಫಿ ಕುಡಿದರೂ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ: ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ಸಿಗರೇಟು ಬಿಟ್ಟದ್ದಕ್ಕೇ ಹೀಗಾಯಿತು ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಟ್ಟ ದಿನದಿಂದ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಸಂಜೆ ಮೇಲೆ ಬೇಡ.

ಔಷಧಗಳಲ್ಲಿ ಎಚ್ಚರ ಹೆಚ್ಚು ಬೇಕು. ಆಸ್ತಮಾ, ಸಿಒಪಿಡಿಗೆ ಡೆರಿಫಿಲಿನ್ ತರಹದ ಥಿಯೋಫಿಲಿನ್ ಮಾತ್ರೆ, ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಬಿಡುವ ದಿನವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ತಗ್ಗಿಸಬೇಕಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ವಾರಗಳಲ್ಲಿ ಸಕ್ಕರೆಯನ್ನು ಪದೇ ಪದೇ ನೋಡಿಕೊಳ್ಳಲಿ. ಗಮ್, ಪ್ಯಾಚ್ ಬಳಸಿದರೂ ಇದು ಆಗುತ್ತದೆ, ಏಕೆಂದರೆ ಇದನ್ನು ಮಾಡುತ್ತಿದ್ದುದು ಹೊಗೆ, ನಿಕೋಟಿನ್ ಅಲ್ಲ.

ಸ್ಟೆಂಟ್ ಹಾಕಿಸಿಕೊಂಡು ಬಂದವರು

ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಬೇಕಾದಷ್ಟು ಜನ ಮತ್ತೆ ಸೇದುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಹತ್ತು ಮಾತ್ರೆ ಇರುತ್ತವೆ, ಸಿಗರೇಟಿನ ಬಗ್ಗೆ "ಬಿಡಿ" ಎಂಬ ಒಂದೇ ಪದ. ಅದನ್ನು ಬಿಡಿಸುವ ಔಷಧವನ್ನೂ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳುವ ಹಕ್ಕು ನಿಮಗಿದೆ. ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಹೆಚ್ಚುವರಿ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹೃದಯದ ಕಾಯಿಲೆ ಇದ್ದರೆ ಗಮ್, ಪ್ಯಾಚ್ ಹಾಕಬಹುದೇ? ಸ್ಥಿತಿ ಹತೋಟಿಯಲ್ಲಿದ್ದರೆ ಹಾಕಬಹುದು, ಸೇದುವುದಕ್ಕಿಂತ ಅದು ಎಷ್ಟೋ ಮೇಲು. ಆಘಾತವಾದ ಮೊದಲ ಎರಡು ವಾರ, ಎದೆಬಡಿತ ತೀರಾ ಏರುಪೇರಾಗಿದ್ದರೆ, ಸುಮ್ಮನೆ ಕೂತಾಗಲೂ ಎದೆನೋವು ಬರುತ್ತಿದ್ದರೆ ಮಾತ್ರ ಹೃದಯದ ವೈದ್ಯರು ನೋಡಿ ನಿರ್ಧರಿಸಲಿ. ಗರ್ಭಿಣಿಯರು ಮತ್ತು ಹದಿನೆಂಟಕ್ಕಿಂತ ಚಿಕ್ಕವರು ಅಂಗಡಿಯಿಂದ ತಂದು ಬಳಸಬಾರದು. ಅವರಿಗೆ ಆಪ್ತಸಮಾಲೋಚನೆ ಮೊದಲು.

ಮನೆಯವರಿಗೆ

ಮೊದಲ ವಾರ, ಅದರಲ್ಲೂ ಎರಡು ಮೂರನೆಯ ದಿನ, ಮನುಷ್ಯ ಸಿಡಿಸಿಡಿ ಎನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೂ ಜಗಳ. ಅದು ನಿಮ್ಮ ಮೇಲಿನ ಕೋಪವಲ್ಲ, ನಿಕೋಟಿನ್ ಇಳಿಯುತ್ತಿರುವ ಲಕ್ಷಣ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ತುಂಬ ಜೋರಾಗಿದ್ದರೆ ಔಷಧದ ಪ್ರಮಾಣ ಸಾಲುತ್ತಿಲ್ಲ ಎಂದೂ ಇರಬಹುದು. ವಾಕರಿಕೆ, ವಾಂತಿ, ಎದೆ ಡವಡವ ಎನ್ನುವುದು ಪ್ರಮಾಣ ಹೆಚ್ಚಾದುದರ ಗುರುತು. ಈ ವ್ಯತ್ಯಾಸವನ್ನು ರೋಗಿಗಿಂತ ಪಕ್ಕದಲ್ಲಿರುವ ನೀವು ಚೆನ್ನಾಗಿ ಗಮನಿಸಬಲ್ಲಿರಿ, ಒಂದು ಚೀಟಿಯಲ್ಲಿ ದಿನಾಂಕ ಹಾಕಿ ಬರೆದಿಡಿ. ಹಸಿವು ಹೆಚ್ಚುತ್ತದೆ, ಒಂದು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದುಂಟು. ಮಿಕ್ಸ್ಚರು, ಮುರುಕು ಡಬ್ಬಿಯ ಬದಲು ಸೌತೆಕಾಯಿ, ಹುರಿಗಡಲೆ ಕೈಗೆ ಸಿಗುವಂತಿರಲಿ. ಸೋಂಪು, ಲವಂಗ, ಏಲಕ್ಕಿ ಬಾಯಿಗೆ ಕೆಲಸ ಕೊಡುತ್ತವೆ, ಅಷ್ಟೇ, ಅವು ಔಷಧವಲ್ಲ.

ಕಾಫಿಯಲ್ಲಿ ಗೊತ್ತಾಗದಂತೆ ಬೆರೆಸಿ ಚಟ ಬಿಡಿಸಿ ಎಂದು ಮಾರುವ ಪುಡಿಗಳನ್ನು ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಏನಿದೆ ಎಂಬುದು ನಿಮಗೂ ಗೊತ್ತಿಲ್ಲ, ಅವರು ನುಂಗುತ್ತಿರುವ ಹೃದಯದ ಮಾತ್ರೆಯ ಜೊತೆ ಅದು ಏನು ಮಾಡುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಗಿಡಮೂಲಿಕೆ ಸಿಗರೇಟು ಎಂದು ಸಿಗುವುದನ್ನು ಹಚ್ಚಿದರೂ ಟಾರ್, ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತದೆ. ಇ-ಸಿಗರೇಟು ವಿದೇಶದ ಕೆಲವು ಕಡೆ ಬಿಡಿಸಲು ಬಳಕೆಯಲ್ಲಿದೆ; ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ವಿದೇಶದಿಂದ ಬರುವ ಮಗನಿಗೆ ತರಲು ಹೇಳಬೇಡಿ.

ವಡಪಳನಿಯಿಂದ ಎಲ್ಲಿಗೆ?

ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಎ.ವಿ.ಎಂ., ವಿಜಯಾ-ವಾಹಿನಿಗಳ ಆಸುಪಾಸಿನಲ್ಲಿ ನೆಲೆಸಿದವರು, ಹೋಟೆಲ್ ಕೆಲಸಕ್ಕೆ ಉಡುಪಿ ಕಡೆಯಿಂದ ಬಂದವರು, ಈಗ ಐ.ಟಿ. ಕೆಲಸಕ್ಕೆ ಬಂದ ಹುಡುಗರು, ಹೀಗೆ ಈ ಭಾಗದಲ್ಲಿ ಕನ್ನಡದ ಮನೆಗಳಿವೆ. ಇವರಲ್ಲಿ ತಮಿಳು ಚೆನ್ನಾಗಿ ಬಲ್ಲವರೂ ಚಟದ ಮಾತು ಬಂದಾಗ ತಮ್ಮ ಭಾಷೆಯಲ್ಲೇ ಬಿಚ್ಚಿಕೊಳ್ಳುತ್ತಾರೆ.

ನಗರದಲ್ಲಿ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ ಹಳೆಯ ಅನುಭವವಿರುವ ಕಡೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ ಮೊದಲ ಹದಿಮೂರು ತಂಬಾಕು ಬಿಡಿಸುವ ಕ್ಲಿನಿಕ್ಕುಗಳು ಶುರುವಾದಾಗ ಅದೂ ಒಂದು, ಬೆಂಗಳೂರಿನ ನಿಮ್ಹಾನ್ಸ್ ಇನ್ನೊಂದು. ಇ.ಎಸ್.ಐ. ಕಾರ್ಡ್ ಇರುವವರಿಗೆ ಪಕ್ಕದ ಕೆ.ಕೆ. ನಗರದಲ್ಲೇ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೊರರೋಗಿ ವಿಭಾಗದಲ್ಲಿ ಶ್ವಾಸಕೋಶ ಅಥವಾ ಮನೋವೈದ್ಯ ವಿಭಾಗವನ್ನು ವಿಚಾರಿಸಿ. ಹಲವು ದಂತ ವೈದ್ಯಕೀಯ ಕಾಲೇಜುಗಳಲ್ಲೂ ಇಂಥ ಕ್ಲಿನಿಕ್ ಇರುತ್ತದೆ. ಹೋಗುವಾಗ ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಹಿಂದೆ ಎಷ್ಟು ಸಲ ಬಿಟ್ಟಿದ್ದಿರಿ, ಯಾವುದನ್ನು ಬಳಸಿದ್ದಿರಿ, ಮತ್ತೆ ಸೇದಿದ್ದು ಯಾವ ಸಂದರ್ಭದಲ್ಲಿ ಎಂದು ನೆನಪು ಮಾಡಿಕೊಂಡು ಹೋಗಿ. ಹಿಂದಿನ ಸಲ ಗಮ್ ಆಗಿಬರಲಿಲ್ಲವೆಂದರೆ ಎಷ್ಟು ಮಿಲಿಗ್ರಾಂನದು, ದಿನಕ್ಕೆ ಎಷ್ಟು ಎಂಬುದನ್ನೂ ಹೇಳಿ.

ಮನೆಯಿಂದ ಹೊರಗೆ ಕಾಲಿಡದೆ ಕನ್ನಡದಲ್ಲೇ ಮಾತಾಡಬೇಕೆಂದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ: 1800-11-2356. ಸಿಗರೇಟು ಪ್ಯಾಕಿನ ಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ. ಕರೆ ಉಚಿತ. ದಕ್ಷಿಣದ ಭಾಷೆಗಳ ಕರೆಗಳನ್ನು ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ. ಅವರು ಬಿಡುವ ದಿನವನ್ನು ನಿಮ್ಮೊಂದಿಗೆ ಕೂತು ಗೊತ್ತು ಮಾಡಿ, ಆಮೇಲೆ ತಾವಾಗಿಯೇ ಕರೆ ಮಾಡಿ ವಿಚಾರಿಸುತ್ತಾರೆ. ಮಾತ್ರೆ ಬರೆದುಕೊಡುವುದು ಅವರ ಕೆಲಸವಲ್ಲ, ಅದಕ್ಕೆ ನಿಮ್ಮ ವೈದ್ಯರೇ ಬೇಕು. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಸೋಮವಾರ ರಜೆ, ಹಾಗಾಗಿ ಬಿಡುವ ದಿನವನ್ನು ಸೋಮವಾರಕ್ಕೆ ಇಟ್ಟುಕೊಳ್ಳದಿದ್ದರೆ ಒಳ್ಳೆಯದು.